4ಕೆ ಟಿವಿಯಲ್ಲಿ ಪಿಸಿ ಗೇಮ್: ಅಂಚು ಕಾಣಿಸುತ್ತಿಲ್ಲ, ಅಕ್ಷರ ಮಸುಕು, ರೆಸಲ್ಯೂಶನ್ ತಾನೇ ಬದಲಾಗುತ್ತದೆ

ಕರಿಹಲಗೆ:
ಎಲ್ಲರಿಗೂ ನಮಸ್ಕಾರ. ಡೆಸ್ಕ್‌ಟಾಪ್‌ಗೆ ಮಾನಿಟರ್ ಬದಲು 43 ಇಂಚಿನ 4ಕೆ ಟಿವಿ ಹಾಕಿದ್ದೇನೆ. ಎನ್ವಿಡಿಯಾದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ 11. ಟಿವಿಯದು 60 ಹರ್ಟ್ಸ್ ಪ್ಯಾನೆಲ್, ಎಚ್‌ಡಿಎಂಐ 2.0 ಪೋರ್ಟ್. ತೊಂದರೆ ಒಂದೆರಡಲ್ಲ.

ಡೆಸ್ಕ್‌ಟಾಪ್‌ನ ನಾಲ್ಕೂ ಅಂಚು ಸ್ಕ್ರೀನಿನಿಂದ ಆಚೆ ಹೋಗಿವೆ, ಟಾಸ್ಕ್‌ಬಾರ್ ಪೂರ್ತಿ ಕಾಣುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ 3840×2160, 60 ಹರ್ಟ್ಸ್ ಎಂದೇ ಇದೆ, ಆದರೂ ಅಕ್ಷರಗಳು, ಅದರಲ್ಲೂ ಕೆಂಪು ಮತ್ತು ನೀಲಿ ಅಕ್ಷರಗಳು, ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಕದಡಿಕೊಂಡಿವೆ. ಕೆಲವು ಗೇಮ್ ತೆರೆದ ಕೂಡಲೇ ತಾವೇ 4096×2160 ಆರಿಸಿಕೊಳ್ಳುತ್ತವೆ, ಮನುಷ್ಯರೆಲ್ಲ ಸಣಕಲಾಗಿ ಕಾಣುತ್ತಾರೆ. 1080ಪಿಗೆ ಇಳಿಸಿದರೆ ಫ್ರೇಮ್‌ರೇಟ್ ಚೆನ್ನಾಗಿದೆ, ಆದರೆ ಮೂಲೆಯ ಮಿನಿಮ್ಯಾಪ್ ಕತ್ತರಿಸಿಹೋಗುತ್ತದೆ. ಒಂದು ಹಳೇ ಗೇಮ್‌ನಲ್ಲಂತೂ 1280×720ಕ್ಕಿಂತ ಮೇಲಿನ ಆಯ್ಕೆಯೇ ಇಲ್ಲ.

ಕೇಬಲ್‌ನದೋ, ಕಾರ್ಡಿನದೋ, ಟಿವಿಯದೋ ಗೊತ್ತಾಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಬೆಳ್ಳಿತೆರೆ_ಪಿಸಿ:
ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ → ಡಿಸ್‌ಪ್ಲೇ → ಅಡ್ಜಸ್ಟ್ ಡೆಸ್ಕ್‌ಟಾಪ್ ಸೈಜ್ ಅಂಡ್ ಪೊಸಿಷನ್ → ಸೈಜ್. ಅಲ್ಲಿ ರೀಸೈಜ್ ಒತ್ತಿ ನಾಲ್ಕೂ ಮೂಲೆಯ ಬಾಣದ ಗುರುತು ಕಾಣುವವರೆಗೆ ಕುಗ್ಗಿಸಿ. ಅಂಚಿನ ತೊಂದರೆ ಹೋಗುತ್ತದೆ.

ತಂತಿಮೂಲ:
ರೀಸೈಜ್ ಸದ್ಯಕ್ಕೆ ಮುಟ್ಟಬೇಡಿ. ಟಿವಿಯಲ್ಲಿ ಬೇರೆ ದಾರಿಯೇ ಇಲ್ಲ ಎಂದು ಖಚಿತವಾದ ಮೇಲೆ ಮಾತ್ರ ಅದು. 1080ಪಿ ಚಿತ್ರವನ್ನು ಶೇ. 5 ಕುಗ್ಗಿಸಿದರೆ ಕಾರ್ಡ್ ಅದನ್ನು 1824×1026ಕ್ಕೆ ಇಳಿಸಿ, ಸುತ್ತ ಕಪ್ಪು ಪಟ್ಟಿ ತುಂಬಿ ಕಳಿಸುತ್ತದೆ. ಟಿವಿ ಆ ಪಟ್ಟಿಯನ್ನು ಕತ್ತರಿಸಿ ಉಳಿದದ್ದನ್ನು ಮತ್ತೆ ಹಿಗ್ಗಿಸುತ್ತದೆ. ಅಂಚು ಕಾಣುತ್ತದೆ, ನಿಜ. ಆದರೆ ಒಂದೇ ಚಿತ್ರ ಎರಡು ಸಲ ಅಳತೆ ಬದಲಿಸಿಕೊಂಡು ಬರುವುದರಿಂದ ಅಕ್ಷರ ಇನ್ನಷ್ಟು ಮಸುಕಾಗುತ್ತದೆ.

ಅಂಚು ಕತ್ತರಿಸುತ್ತಿರುವುದು ಟಿವಿ. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಪಿಕ್ಚರ್ ಟ್ಯೂಬ್ ಟಿವಿಗಳಲ್ಲಿ ಅಂಚಿನ ಚಿತ್ರ ನೆಟ್ಟಗೆ ಮೂಡುತ್ತಿರಲಿಲ್ಲ, ಹಾಗಾಗಿ ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುತ್ತಿದ್ದರು. ಪ್ಯಾನೆಲ್ ಬದಲಾದರೂ ಆ ರೂಢಿ ಟಿವಿಗಳ ಮೊದಲ ಸೆಟ್ಟಿಂಗ್ ಆಗಿ ಉಳಿದುಬಂದಿದೆ. ಟಿವಿ ರಿಮೋಟ್ ತೆಗೆದುಕೊಂಡು ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ರೇಶಿಯೋ ಎಂಬಲ್ಲಿಗೆ ಹೋಗಿ. ಸ್ಯಾಮ್‌ಸಂಗ್‌ನಲ್ಲಿ ‘ಫಿಟ್ ಟು ಸ್ಕ್ರೀನ್’, ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸೋನಿಯಲ್ಲಿ ಡಿಸ್‌ಪ್ಲೇ ಏರಿಯಾ ಕೆಳಗೆ ‘ಫುಲ್ ಪಿಕ್ಸೆಲ್’, ಮಿಕ್ಕವುಗಳಲ್ಲಿ ‘ಡಾಟ್ ಬೈ ಡಾಟ್’, ‘1:1’ ಅಥವಾ ನೇರವಾಗಿ ‘ಓವರ್‌ಸ್ಕ್ಯಾನ್ ಆಫ್’. ‘16:9’ ಎಂದಿದ್ದರೆ ಸರಿಯಾಗಿದೆ ಎಂದುಕೊಳ್ಳಬೇಡಿ. ಎಷ್ಟೋ ಟಿವಿಗಳಲ್ಲಿ 16:9 ಎಂದರೆ ಓವರ್‌ಸ್ಕ್ಯಾನ್ ಸಹಿತ 16:9.

ಹಾಗೇ ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರು ಅಥವಾ ಐಕಾನನ್ನು ‘ಪಿಸಿ’ ಎಂದು ಬದಲಿಸಿ. ಸ್ಯಾಮ್‌ಸಂಗ್, ಎಲ್‌ಜಿ ಟಿವಿಗಳಲ್ಲಿ ಇದು ಬರೀ ಹೆಸರಲ್ಲ, ಟಿವಿ ಒಳಗಿನ ಚಿತ್ರ ಸಂಸ್ಕರಣೆಯೇ ಬದಲಾಗುತ್ತದೆ, ಬಣ್ಣದ ಪೂರ್ತಿ ವಿವರ ಪ್ಯಾನೆಲ್‌ವರೆಗೆ ತಲುಪುತ್ತದೆ. ಗೇಮ್ ಮೋಡ್ ಬೇರೆ, ಪಿಸಿ ಮೋಡ್ ಬೇರೆ. ಗೇಮ್ ಮೋಡ್ ಮುಖ್ಯವಾಗಿ ತಡವನ್ನು ಕಡಿಮೆ ಮಾಡುವುದಕ್ಕೆ.

ಇನ್ನು ಕೆಂಪು, ನೀಲಿ ಅಕ್ಷರ ಕದಡುವುದು. ನಿಮ್ಮ ಲಕ್ಷಣ ನೋಡಿದರೆ ಸಿಗ್ನಲ್ 4:2:0ರಲ್ಲಿ ಹೋಗುತ್ತಿದೆ. ಬೆಳಕಿನ ವಿವರ ಪ್ರತಿ ಪಿಕ್ಸೆಲ್‌ಗೂ ಇದೆ, ಬಣ್ಣದ ವಿವರ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದು. ಸಿನಿಮಾದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಸಣ್ಣ ಬಣ್ಣದ ಅಕ್ಷರದಲ್ಲಿ ತಕ್ಷಣ ಬೀಳುತ್ತದೆ. ಲೆಕ್ಕ ಹೀಗೆ: 4ಕೆ, 60 ಹರ್ಟ್ಸ್, 8 ಬಿಟ್, ಪೂರ್ತಿ ಬಣ್ಣಕ್ಕೆ ಸೆಕೆಂಡಿಗೆ 17.82 ಗಿಗಾಬಿಟ್ ಬೇಕು. ಎಚ್‌ಡಿಎಂಐ 2.0ರ ಮಿತಿ 18. ಎಚ್‌ಡಿಎಂಐ 1.4ರ ಮಿತಿ 10.2. 4:2:0 ಮಾಡಿದರೆ 8.91 ಸಾಕು. ಹಾಗಾಗಿ ಟಿವಿ ಪೋರ್ಟ್ ತನ್ನನ್ನು ಹಳೆಯ ಮಿತಿಯಲ್ಲೇ ಪರಿಚಯಿಸಿಕೊಂಡರೆ, ಕಾರ್ಡ್ 60 ಹರ್ಟ್ಸ್ ಉಳಿಸಿಕೊಳ್ಳಲು ಬಣ್ಣವನ್ನು ಬಿಟ್ಟುಕೊಡುತ್ತದೆ. ಬಹಳಷ್ಟು ಟಿವಿಗಳು ಪೆಟ್ಟಿಗೆಯಿಂದ ಬರುವುದೇ ಆ ಸ್ಥಿತಿಯಲ್ಲಿ.

ಟಿವಿಯಲ್ಲಿ ಬದಲಿಸಬೇಕಾದದ್ದು: ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’, ಸೋನಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’ ಅನ್ನು ‘ಎನ್‌ಹಾನ್ಸ್ಡ್’ಗೆ. ಕೆಲವು ಆಂಡ್ರಾಯ್ಡ್ ಟಿವಿಗಳಲ್ಲಿ ಎಚ್‌ಡಿಎಂಐ ಆವೃತ್ತಿ 1.4 / 2.0 ಎಂದೇ ಇರುತ್ತದೆ. ಇದು ಪೋರ್ಟ್‌ಗೊಂದರಂತೆ ಪ್ರತ್ಯೇಕ ಸೆಟ್ಟಿಂಗ್, ನೀವು ಕೇಬಲ್ ಹಾಕಿದ ಪೋರ್ಟ್‌ಗೇ ಮಾಡಿ. ಎಲ್ಲ ಪೋರ್ಟ್‌ಗಳೂ 4ಕೆ 60ಕ್ಕೆ ಸಮ ಅಲ್ಲ, ಪಕ್ಕದಲ್ಲಿ ಮುದ್ರಿಸಿದ್ದನ್ನು ಓದಿ.

ಆಮೇಲೆ ಕಂಟ್ರೋಲ್ ಪ್ಯಾನೆಲ್ → ಚೇಂಜ್ ರೆಸಲ್ಯೂಶನ್. ಎನ್ವಿಡಿಯಾ ಕಲರ್ ಸೆಟ್ಟಿಂಗ್ಸ್ ಆರಿಸಿ, ಫಾರ್ಮ್ಯಾಟ್ ಆರ್‌ಜಿಬಿ, 8 ಬಿಟ್, ಡೈನಾಮಿಕ್ ರೇಂಜ್ ಫುಲ್. ಫುಲ್ ಮಾಡಿದ ಮೇಲೆ ಕತ್ತಲ ದೃಶ್ಯಗಳು ಕಪ್ಪು ಮುದ್ದೆಯಾದರೆ ಟಿವಿ ಇನ್ನೂ 16ರಿಂದ 235ರ ಸೀಮಿತ ವ್ಯಾಪ್ತಿಯನ್ನೇ ನಿರೀಕ್ಷಿಸುತ್ತಿದೆ ಎಂದರ್ಥ. ಟಿವಿಯ ಬ್ಲ್ಯಾಕ್ ಲೆವೆಲ್ ಬದಲಿಸಿ, ಕಾರ್ಡನ್ನಲ್ಲ. ಎಚ್‌ಡಿಆರ್ (ಬೆಳಕು-ಕತ್ತಲೆಯ ಹೆಚ್ಚಿನ ವ್ಯಾಪ್ತಿ) ಆಡುವಾಗ 10 ಬಿಟ್ ಆರ್‌ಜಿಬಿ ಈ 18 ಗಿಗಾಬಿಟ್ ಮಿತಿಯಲ್ಲಿ ಹಿಡಿಸುವುದಿಲ್ಲ, ಆಗ 4:2:2 (ಬಣ್ಣದ ವಿವರ ಎರಡು ಪಿಕ್ಸೆಲ್‌ಗೆ ಒಂದು) ಹಾಕಿಕೊಳ್ಳಿ.

ಸರಿಹೋಯಿತೇ ಎಂದು ನೋಡಲು ವಿಂಡೋಸ್ ಸೆಟ್ಟಿಂಗ್ಸ್ → ಸಿಸ್ಟಂ → ಡಿಸ್‌ಪ್ಲೇ → ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ಡೆಸ್ಕ್‌ಟಾಪ್ ಮೋಡ್, ಆಕ್ಟಿವ್ ಸಿಗ್ನಲ್ ಮೋಡ್, ಕಲರ್ ಫಾರ್ಮ್ಯಾಟ್ ಮೂರೂ ಇರುತ್ತವೆ. ಡೆಸ್ಕ್‌ಟಾಪ್ ಮತ್ತು ಸಿಗ್ನಲ್ ಎರಡೂ 3840×2160, ಫಾರ್ಮ್ಯಾಟ್ ಆರ್‌ಜಿಬಿ ಇರಬೇಕು. ಇದಾಗುವವರೆಗೆ ಗೇಮ್ ಒಳಗಿನ ಯಾವ ಸೆಟ್ಟಿಂಗೂ ಮುಟ್ಟಬೇಡಿ.

ಶಾರ್ಪ್‌ನೆಸ್ ಕೂಡ ಇಳಿಸಿ. ಅಕ್ಷರದ ಸುತ್ತ ಬಿಳಿ ಗೆರೆ ಮೂಡಿದ್ದರೆ ಅದರದೇ ಕೆಲಸ.

ಅರ್ಧಪಿಕ್ಸೆಲ್:
ತಂತಿಮೂಲ ಅವರು ಹೇಳಿದ್ದು ಮುಗಿಸಿ, ಆಮೇಲೆ ಗೇಮ್ ಕಡೆ ಬನ್ನಿ.

1080ಪಿಯಲ್ಲಿ ಮಾತ್ರ ಮೂಲೆ ಕತ್ತರಿಸುವುದಕ್ಕೆ ಕಾರಣ ಇದೆ. ಪಿಕ್ಚರ್ ಸೈಜ್ ಸೆಟ್ಟಿಂಗನ್ನು ಎಷ್ಟೋ ಟಿವಿಗಳು ಸಿಗ್ನಲ್‌ಗೊಂದರಂತೆ ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತವೆ. 2160ಪಿಗೆ ನೀವು ಸರಿಮಾಡಿದ್ದು 1080ಪಿಗೆ ಅನ್ವಯಿಸುವುದಿಲ್ಲ. ಗೇಮ್ ಪೂರ್ಣ ಪರದೆಯಲ್ಲಿ 1080ಪಿಗೆ ಹೋದಾಗ ಟಿವಿಗೆ ಹೊಸ ಸಿಗ್ನಲ್ ಬರುತ್ತದೆ, ಓವರ್‌ಸ್ಕ್ಯಾನ್ ಮತ್ತೆ ಏಳುತ್ತದೆ. ಗೇಮ್ ಓಡುತ್ತಿರುವಾಗಲೇ ರಿಮೋಟ್‌ನಲ್ಲಿ ಇನ್ನೊಮ್ಮೆ ಫಿಟ್ ಟು ಸ್ಕ್ರೀನ್ ಕೊಡಬಹುದು.

ಅದಕ್ಕಿಂತ ಒಳ್ಳೆಯದು ಟಿವಿಗೆ ಯಾವಾಗಲೂ 2160ಪಿಯೇ ಹೋಗುವಂತೆ ಮಾಡುವುದು. ಅಡ್ಜಸ್ಟ್ ಡೆಸ್ಕ್‌ಟಾಪ್ ಸೈಜ್ ಪುಟದ ಸ್ಕೇಲಿಂಗ್ ಟ್ಯಾಬ್‌ನಲ್ಲಿ ‘ಪರ್ಫಾರ್ಮ್ ಸ್ಕೇಲಿಂಗ್ ಆನ್’ ಎಂಬಲ್ಲಿ ಜಿಪಿಯು ಆರಿಸಿ, ಅದರ ಕೆಳಗಿನ ಓವರ್‌ರೈಡ್ ಚೌಕಕ್ಕೆ ಟಿಕ್ ಹಾಕಿ. 3060ರಲ್ಲಿ ಇಂಟೀಜರ್ ಸ್ಕೇಲಿಂಗ್ ಕೂಡ ಇದೆ. 1080ಪಿಯ ಒಂದು ಪಿಕ್ಸೆಲ್ 4ಕೆಯಲ್ಲಿ ಸರಿಯಾಗಿ ನಾಲ್ಕಾಗುತ್ತದೆ. ಪಿಕ್ಸೆಲ್ ಚಿತ್ರಗಳ ಗೇಮ್‌ಗಳಿಗೆ ಅದು ಬಹಳ ಸೊಗಸು, 3ಡಿ ಗೇಮ್‌ಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಹೊಸ ಗೇಮ್ ಆದರೆ 1080ಪಿಗೆ ಇಳಿಸುವ ಅಗತ್ಯವೇ ಇಲ್ಲ. ಬಾರ್ಡರ್‌ಲೆಸ್ (ಪರದೆ ತುಂಬುವ, ಅಂಚಿಲ್ಲದ ವಿಂಡೋ), 3840×2160 ಇಟ್ಟು ಡಿಎಲ್‌ಎಸ್‌ಎಸ್ ಹಾಕಿ. ಚಿತ್ರವನ್ನು ಕಡಿಮೆ ರೆಸಲ್ಯೂಶನ್‌ನಲ್ಲಿ ಬರೆದು ಎಐ ಮೂಲಕ ಹಿಗ್ಗಿಸುವ ಎನ್ವಿಡಿಯಾ ತಂತ್ರ ಅದು. ಪರ್ಫಾರ್ಮೆನ್ಸ್‌ನಲ್ಲಿ ಒಳಗೆ ಚಿತ್ರಿಸುವುದು 1920×1080, ಕ್ವಾಲಿಟಿಯಲ್ಲಿ 2560×1440. ಡಿಎಲ್‌ಎಸ್‌ಎಸ್‌ಗೂ ಸ್ವಲ್ಪ ಸಮಯ ಖರ್ಚಾಗುವುದರಿಂದ ಬರೀ 1080ಪಿಯಷ್ಟು ಫ್ರೇಮ್ ಬರುವುದಿಲ್ಲ. ಆದರೆ ಮಿನಿಮ್ಯಾಪ್, ಅಕ್ಷರ, ಮೆನು ಎಲ್ಲ ನಿಜವಾದ 4ಕೆಯಲ್ಲೇ ಉಳಿಯುತ್ತವೆ. ಟಿವಿಯಿಂದ ದೂರ ಕೂತು ಆಡುವವರಿಗೆ ಈ ಒಂದು ವ್ಯತ್ಯಾಸ ದೊಡ್ಡದು. ಡಿಎಲ್‌ಎಸ್‌ಎಸ್ ಇಲ್ಲದ ಗೇಮ್‌ನಲ್ಲಿ ರೆಂಡರ್ ಸ್ಕೇಲ್ (ಒಳಗೆ ಚಿತ್ರಿಸುವ ಅಳತೆ) ಶೇ. 50 ಅಥವಾ 67 ಇಡಿ.

4096×2160 ಸಿನಿಮಾದವರ 4ಕೆ. ಟಿವಿ ಅದನ್ನೂ ಸ್ವೀಕರಿಸುತ್ತೇನೆ ಎಂದು ತನ್ನ ಪಟ್ಟಿಯಲ್ಲಿ ಹೇಳಿಕೊಂಡಿರುತ್ತದೆ. ಪಟ್ಟಿಯಲ್ಲಿ ದೊಡ್ಡ ಸಂಖ್ಯೆ ಯಾವುದೋ ಅದನ್ನು ಗೇಮ್ ಹಿಡಿಯುತ್ತದೆ. ಪ್ಯಾನೆಲ್‌ನಲ್ಲಿರುವುದು 3840 ಮಾತ್ರ, ಹಾಗಾಗಿ ಟಿವಿ ಅಡ್ಡಕ್ಕೆ ಒತ್ತುತ್ತದೆ, ಇಲ್ಲವೇ ಎರಡೂ ಬದಿಯಲ್ಲಿ 128 ಪಿಕ್ಸೆಲ್ ಕತ್ತರಿಸುತ್ತದೆ. ಬಾರ್ಡರ್‌ಲೆಸ್ ಮೋಡ್‌ನಲ್ಲಿ ಸಾಮಾನ್ಯವಾಗಿ ಡೆಸ್ಕ್‌ಟಾಪ್‌ನ ರೆಸಲ್ಯೂಶನ್ನೇ ಉಳಿಯುವುದರಿಂದ ಈ ಕಾಟ ಇರುವುದಿಲ್ಲ. ಪದೇ ಪದೇ ಕಾಡಿದರೆ ಕಸ್ಟಮ್ ರೆಸಲ್ಯೂಶನ್ ಯುಟಿಲಿಟಿ ಎಂಬ ಸಣ್ಣ ಪ್ರೋಗ್ರಾಂನಲ್ಲಿ ಎಕ್ಸ್‌ಟೆನ್ಷನ್ ಬ್ಲಾಕ್ → ಟಿವಿ ರೆಸಲ್ಯೂಶನ್ಸ್ ತೆರೆದು 4096ರ ಸಾಲುಗಳನ್ನೆಲ್ಲ ಅಳಿಸಿ, ಜೊತೆಗೆ ಬರುವ ರಿಸ್ಟಾರ್ಟ್64 ಓಡಿಸಿ. 4:2:0ರ ಪಟ್ಟಿಯಲ್ಲೂ ಅದೇ ಸಾಲು ಇರಬಹುದು, ಅಲ್ಲೂ ನೋಡಿ. ಶುರುವಿಗೆ ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಪರದೆ ಕಪ್ಪಾದರೆ ವಿಂಡೋಸ್ ಸೇಫ್ ಮೋಡ್‌ಗೆ ಹೋಗಿ ಅದರದೇ ರೀಸೆಟ್-ಆಲ್ ಓಡಿಸಿದರೆ ಮೊದಲಿನಂತಾಗುತ್ತದೆ.

ಹಳೇ ಗೇಮ್‌ನ 1280×720: ನಿಮ್ಮ ವಿಂಡೋಸ್ ಸ್ಕೇಲ್ (ಅಕ್ಷರ, ಐಕಾನ್‌ಗಳನ್ನು ದೊಡ್ಡದು ಮಾಡುವ ಸೆಟ್ಟಿಂಗ್) ಶೇ. 300 ಇರಬೇಕು, ನೋಡಿ. 4ಕೆ ಟಿವಿಗೆ ವಿಂಡೋಸ್ ತಾನೇ ಸೂಚಿಸುವುದು ಅಷ್ಟು. ಹೆಚ್ಚಿನ ಡಿಪಿಐ, ಅಂದರೆ ಈ ಹಿಗ್ಗಿಸುವಿಕೆ, ಅರಿಯದ ಹಳೇ ಪ್ರೋಗ್ರಾಂಗಳಿಗೆ ಅದು 3840ನ್ನು 3ರಿಂದ ಭಾಗಿಸಿ 1280 ಎಂದು ತೋರಿಸುತ್ತದೆ. ಗೇಮ್‌ನ ಇಎಕ್ಸ್‌ಇ ಫೈಲ್ ಮೇಲೆ ರೈಟ್ ಕ್ಲಿಕ್ → ಪ್ರಾಪರ್ಟೀಸ್ → ಕಂಪ್ಯಾಟಿಬಿಲಿಟಿ → ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್. ಕೆಳಗಿನ ಓವರ್‌ರೈಡ್‌ಗೆ ಟಿಕ್ ಹಾಕಿ, ‘ಅಪ್ಲಿಕೇಶನ್’ ಆರಿಸಿ. ಲಾಂಚರ್‌ಗೆ ಮಾಡಿದರೆ ಸಾಲದು, ಗೇಮ್‌ನ ಮುಖ್ಯ ಫೈಲಿಗೇ ಮಾಡಬೇಕು.

ಕರಿಹಲಗೆ:
ಇಬ್ಬರಿಗೂ ತುಂಬಾ ಧನ್ಯವಾದ. ಅಂಚು ಸರಿಹೋಯಿತು. ಸ್ಕೇಲ್ ಶೇ. 300 ಇತ್ತು, ಹಳೇ ಗೇಮ್‌ನಲ್ಲಿ ಈಗ 3840×2160 ಬರುತ್ತಿದೆ. ಪೋರ್ಟನ್ನು 2.0 ಮಾಡಿದ ಮೇಲೆ ಅಕ್ಷರ ಸ್ಫುಟ. ಆದರೆ ಈಗ ಹೊಸದೊಂದು ಶುರುವಾಗಿದೆ: ಆಗಾಗ ಬಿಳಿ ಚುಕ್ಕಿಗಳು ಮಿನುಗುತ್ತವೆ, ಮಧ್ಯೆ ಮಧ್ಯೆ ಒಂದೆರಡು ಸೆಕೆಂಡ್ ಪರದೆ ಕಪ್ಪಾಗಿ ವಾಪಸ್ ಬರುತ್ತದೆ. ಕೇಬಲ್ 7.5 ಮೀಟರ್, ನಡುವೆ ಸೌಂಡ್‌ಬಾರ್ ಇದೆ.

ತಂತಿಮೂಲ:
ಈಗ ಕೇಬಲ್ ಮೇಲೆ ಹೊರೆ ಎರಡರಷ್ಟಾಗಿದೆ, 8.91 ಇದ್ದದ್ದು 17.82. ಹಿಂದೆ ಹೇಗೋ ಸಾಗಿಸುತ್ತಿದ್ದ ಕೇಬಲ್ ಈಗ ಸೋಲುತ್ತಿದೆ. ಮಿನುಗು ಚುಕ್ಕಿ ಎಂದರೆ ಬಿಟ್‌ಗಳು ಕಳೆದುಹೋಗುತ್ತಿವೆ, ಪರದೆ ಕಪ್ಪಾಗುವುದು ಎಂದರೆ ಸಂಪರ್ಕವೇ ಕಡಿದು ಮತ್ತೆ ಕೂಡಿಕೊಳ್ಳುತ್ತಿದೆ.

ಮೊದಲು ಸೌಂಡ್‌ಬಾರ್ ತಪ್ಪಿಸಿ. ಪಿಸಿಯಿಂದ ನೇರ ಟಿವಿಗೆ ಕೊಡಿ, ಧ್ವನಿಯನ್ನು ಟಿವಿಯ ಎಆರ್‌ಸಿ (ಧ್ವನಿಯನ್ನು ವಾಪಸ್ ಕಳಿಸಬಲ್ಲ ಎಚ್‌ಡಿಎಂಐ) ಪೋರ್ಟ್‌ನಿಂದ ಸೌಂಡ್‌ಬಾರ್‌ಗೆ ತನ್ನಿ. ಆಮೇಲೆ 2 ಮೀಟರ್‌ನ ಕೇಬಲ್ ಒಂದನ್ನು ಎರವಲು ತಂದಾದರೂ ಹಾಕಿ ನೋಡಿ. ತೊಂದರೆ ನಿಂತರೆ ಕೇಬಲ್‌ನದೇ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ‘2.0 ಕೇಬಲ್’ ಎಂದು ಬರೆದದ್ದನ್ನು ನಂಬಬೇಡಿ. ‘ಪ್ರೀಮಿಯಂ ಹೈ ಸ್ಪೀಡ್’ ಎಂದರೆ 18 ಗಿಗಾಬಿಟ್, ‘ಅಲ್ಟ್ರಾ ಹೈ ಸ್ಪೀಡ್’ ಎಂದರೆ 48. ಎರಡಕ್ಕೂ ಸ್ಕ್ಯಾನ್ ಮಾಡಿ ಪರಿಶೀಲಿಸಬಹುದಾದ ಲೇಬಲ್ ಇರುತ್ತದೆ. ತಾಮ್ರದ ಸಾದಾ ಕೇಬಲ್ 18 ಗಿಗಾಬಿಟ್‌ಗೆ 5 ಮೀಟರ್ ದಾಟಿದರೆ ಭರವಸೆ ಇಲ್ಲ. 7.5 ಮೀಟರ್ ಬೇಕೇ ಬೇಕು ಎಂದಾದರೆ ಆಪ್ಟಿಕಲ್ ಎಚ್‌ಡಿಎಂಐ ತನ್ನಿ. ಅದಕ್ಕೆ ದಿಕ್ಕಿದೆ: ‘ಸೋರ್ಸ್’ ಎಂದಿರುವ ತುದಿ ಪಿಸಿಗೆ, ‘ಡಿಸ್‌ಪ್ಲೇ’ ಟಿವಿಗೆ. ತಿರುಗುಮುರುಗಾದರೆ ಏನೂ ಬರುವುದಿಲ್ಲ. ಚೂಪಾಗಿ ಮಡಚಲೂಬಾರದು.

ಸಂಜೆಆಟ:
ಇದೇ ವಿಷಯಕ್ಕೆ ಸೇರಿದ ಪ್ರಶ್ನೆ. 32 ಇಂಚಿನ ಎಚ್‌ಡಿ ರೆಡಿ ಟಿವಿ. ವಿಂಡೋಸ್ 1920×1080 ತೋರಿಸುತ್ತದೆ, ಟಿವಿಯೂ ಒಪ್ಪುತ್ತದೆ, ಆದರೆ ಗೇಮ್‌ನ ಸಣ್ಣ ಅಕ್ಷರ ಓದಲಾಗುವುದಿಲ್ಲ. ಯಾವ ರೆಸಲ್ಯೂಶನ್ ಸರಿ?

ಅರ್ಧಪಿಕ್ಸೆಲ್:
ಆ ಪ್ಯಾನೆಲ್ ಬಹುತೇಕ 1366×768. 1080ಪಿ ಸಿಗ್ನಲ್ ತೆಗೆದುಕೊಂಡು ಅದನ್ನು ಕುಗ್ಗಿಸಿ ತೋರಿಸುತ್ತದೆ. 20,73,600 ಪಿಕ್ಸೆಲ್ ಕಳಿಸುತ್ತೀರಿ, ಕಾಣುವುದು 10,49,088. ಅರ್ಧ ಕೆಲಸ ವ್ಯರ್ಥ.

ಟಿವಿಗಳ ಎಚ್‌ಡಿಎಂಐ ಪಟ್ಟಿಯ ಪ್ರಮಾಣಿತ ರೆಸಲ್ಯೂಶನ್‌ಗಳಲ್ಲಿ 1366×768 ಇಲ್ಲ, ಅದಕ್ಕೇ ಅದು ತಾನಾಗಿ ಬರುವುದಿಲ್ಲ. ಕಂಟ್ರೋಲ್ ಪ್ಯಾನೆಲ್ → ಚೇಂಜ್ ರೆಸಲ್ಯೂಶನ್ → ಕಸ್ಟಮೈಸ್‌ನಲ್ಲಿ 1366×768, 60 ಹರ್ಟ್ಸ್ ಕೊಟ್ಟು ಟೆಸ್ಟ್ ಮಾಡಿ. ಟಿವಿ ಒಪ್ಪದಿದ್ದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಹಳೆಯದಕ್ಕೆ ಮರಳುತ್ತದೆ, ಗಾಬರಿ ಬೇಡ. ಆಮೇಲೆ 1360×768 ಪ್ರಯತ್ನಿಸಿ. 1366 ಎಂಟರಿಂದ ಭಾಗವಾಗುವುದಿಲ್ಲ, ಕೆಲವು ಸಾಧನಗಳು 1360ನ್ನೇ ಹಿಡಿಯುತ್ತವೆ. ಎರಡೂ ಆಗದಿದ್ದರೆ 1280×720. ಇಲ್ಲೂ ಟಿವಿ ಸ್ವಲ್ಪ ಹಿಗ್ಗಿಸುತ್ತದೆ, ಆದರೂ ಅಕ್ಷರ ದೊಡ್ಡದಾಗಿ ಓದಲು ಬರುತ್ತದೆ, ಕಾರ್ಡಿಗೂ ಹಗುರ. 1080ಪಿ ಇಟ್ಟರೆ ಗೆರೆಗಳ ಅಂಚು ನಯವಾಗಿ ಕಾಣುವುದು ನಿಜ, ಆದರೆ ಸಣ್ಣ ಅಕ್ಷರದ ಗೇಮ್‌ಗೆ ನಾನು 720ಪಿಯನ್ನೇ ಹೇಳುತ್ತೇನೆ.

ಲ್ಯಾಪ್‌ಟಾಪ್ ಆಗಿದ್ದರೆ ವಿಂಡೋಸ್ ಕೀ ಮತ್ತು ಪಿ ಒತ್ತಿ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಮಾಡಿಕೊಳ್ಳಿ. ಡೂಪ್ಲಿಕೇಟ್‌ನಲ್ಲಿದ್ದರೆ ಎರಡೂ ಪರದೆಗೆ ಹೊಂದುವ ರೆಸಲ್ಯೂಶನ್‌ಗೆ ಸಿಕ್ಕಿಕೊಳ್ಳುತ್ತೀರಿ.

ಬೆಳ್ಳಿತೆರೆ_ಪಿಸಿ:
ಎಎಂಡಿ ಕಾರ್ಡ್ ಇರುವವರಿಗೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ಕೆಲವೊಮ್ಮೆ ಉಲ್ಟಾ ತೊಂದರೆ: ಚಿತ್ರ ಚಿಕ್ಕದಾಗಿ ಸುತ್ತ ಕಪ್ಪು ಚೌಕಟ್ಟು. ಎಎಂಡಿಯ ಅಡ್ರಿನಲಿನ್ ಪ್ರೋಗ್ರಾಂ → ಸೆಟ್ಟಿಂಗ್ಸ್ → ಡಿಸ್‌ಪ್ಲೇಯಲ್ಲಿ ಎಚ್‌ಡಿಎಂಐ ಸ್ಕೇಲಿಂಗ್ ಎಂಬ ಸ್ಲೈಡರ್ ಇದೆ, ಅದನ್ನು 0ಗೆ ತನ್ನಿ.

ಪ್ಲೇಸ್ಟೇಷನ್‌ನವರು ತಪ್ಪು ರೆಸಲ್ಯೂಶನ್ ಆರಿಸಿ ಪರದೆಯೇ ಬಾರದಿದ್ದರೆ: ಕನ್ಸೋಲ್ ಪೂರ್ತಿ ಆಫ್ ಮಾಡಿ, ಪವರ್ ಬಟನ್ ಒತ್ತಿ ಹಿಡಿದು ಎರಡನೇ ಬೀಪ್ ಕೇಳಿದ ಮೇಲೆ ಬಿಡಿ, ಸುಮಾರು 7 ಸೆಕೆಂಡ್. ಸೇಫ್ ಮೋಡ್ ಬರುತ್ತದೆ. ಕಂಟ್ರೋಲರನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಎರಡನೇ ಆಯ್ಕೆಯಲ್ಲಿ ರೆಸಲ್ಯೂಶನ್ ಬದಲಿಸಿ. ಬರೀ ಚಾರ್ಜ್ ಮಾಡುವ ಯುಎಸ್‌ಬಿ ಕೇಬಲ್ ಹಾಕಿದರೆ ಕಂಟ್ರೋಲರ್ ಸ್ಪಂದಿಸುವುದಿಲ್ಲ, ಡೇಟಾ ಹೋಗುವ ಕೇಬಲ್ಲೇ ಬೇಕು.