ಅಪ್‌ಡೇಟ್: 135 ಕೆಲ್ವಿನ್‌ಗಿಂತ ಕೆಳಗೆ ಬದಲಾದದ್ದು ಟೆಕ್ಸ್ಚರ್ ಅಲ್ಲ
ನಿಯೋಡಿಮಿಯಮ್-ಕಬ್ಬಿಣ-ಬೋರಾನ್ ಅಯಸ್ಕಾಂತವನ್ನು ಸುಮಾರು 135 ಕೆಲ್ವಿನ್‌ಗಿಂತ ಕೆಳಗೆ ತಂಪಾಗಿಸಿದಾಗ ನ್ಯೂಟ್ರಾನ್ ವಿವರ್ತನೆಯ (ಹರಳಿನ ಪರಮಾಣು ತಲಗಳಿಂದ ನ್ಯೂಟ್ರಾನ್‌ಗಳು ನಿರ್ದಿಷ್ಟ ಕೋನಗಳಲ್ಲಿ ಚದರುವುದರ) ಶೃಂಗಗಳ ತೀವ್ರತೆಯ ಅನುಪಾತ ಬದಲಾಗುವುದಕ್ಕೆ ಹರಳುಗಳ ಟೆಕ್ಸ್ಚರ್ (ಹರಳುಕಣಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮುಖ ಮಾಡಿರುವ ಜೋಡಣೆ) ಕಾರಣವೇ ಎಂದು ಹಿಂದೆ ಕೇಳಿದ್ದೆ. ಅಲ್ಲವೆಂಬುದು ಈಗ ಸ್ಪಷ್ಟವಾಗಿದೆ. ಸಿಂಟರ್ ಮಾಡಿದ (ಪುಡಿಯನ್ನು ಒತ್ತಿ, ಕಾಯಿಸಿ ಬೆಸೆದ) ಗಟ್ಟಿ ತುಣುಕಿನಲ್ಲಿ ಕಣಗಳು ಹೊರಳಲು ಆಸ್ಪದವಿಲ್ಲ. ಓರೆಯಾಗುವುದು ಹರಳಿನ ಸಿ-ಅಕ್ಷದ ಗುಂಟ ಇದ್ದ ಕಾಂತೀಯ ಮೊಮೆಂಟ್‌ಗಳು, ಅಂದರೆ ಪರಮಾಣುಗಳ ಪುಟ್ಟ ಕಾಂತತ್ವಗಳು. ನ್ಯೂಟ್ರಾನ್‌ಗಳು ಮೊಮೆಂಟಿನಲ್ಲಿ ಸ್ಕ್ಯಾಟರಿಂಗ್ ವೆಕ್ಟರಿಗೆ (ಚದರಿಸುವ ತಲಗಳಿಗೆ ಲಂಬವಾದ ದಿಕ್ಕು) ಲಂಬವಾದ ಘಟಕಕ್ಕೆ ಮಾತ್ರ ಸ್ಪಂದಿಸುವುದರಿಂದ, ಅದುವರೆಗೆ ಕಾಂತೀಯ ಪಾಲೇ ಇಲ್ಲದಿದ್ದ, ಸಿ-ಅಕ್ಷಕ್ಕೆ ಲಂಬವಾದ ತಲಗಳ ಶೃಂಗಗಳಿಗೆ ಆ ಪಾಲು ಹೊಸದಾಗಿ ಸೇರುತ್ತದೆ. ಉತ್ತರಿಸಿದವರ ಸಲಹೆಯಂತೆ, ಕಾಂತೀಯ ಫಾರ್ಮ್ ಫ್ಯಾಕ್ಟರ್ (ಕೋನದೊಂದಿಗೆ ಕಾಂತೀಯ ಚದರಿಕೆಯ ಬಲ ಬದಲಾಗುವ ಪ್ರಮಾಣ) ಬಹುಪಾಲು ಕುಗ್ಗಿರುವ ದೊಡ್ಡ ಕೋನದ ಶೃಂಗಗಳನ್ನೇ ಆಯ್ದು ಪೋಲ್ ಫಿಗರ್ (ಹರಳುಗಳ ದಿಕ್ಕುಗಳ ಹಂಚಿಕೆಯ ನಕ್ಷೆ) ಅಳೆದಾಗ, ಕೋಣೆಯ ತಾಪದಲ್ಲೂ ಶೀತದಲ್ಲೂ ಟೆಕ್ಸ್ಚರ್ ಒಂದೇ ಆಗಿತ್ತು. ಈ ಹೊಂದಾಣಿಕೆ ನನಗೆ ಅತೀವ ಸಂತೋಷ ಕೊಟ್ಟಿದೆ. ಸಡಿಲ ಪುಡಿಯನ್ನು ಕಾಂತಕ್ಷೇತ್ರದಲ್ಲಿ ಇಡುವವರು ಮಾತ್ರ ಅದನ್ನು ಅಂಟಿನಿಂದ ಬಿಗಿಯಲೇಬೇಕು, ಏಕೆಂದರೆ ಅಲ್ಲಿ ಕಣಗಳೇ ತಿರುಗಬಲ್ಲವು.