ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹಿಂದಿನ ಡಿಫರೆನ್ಷಿಯಲ್ ಗುಂಯ್ ಅನ್ನುತ್ತದೆ

ಹಿಂಚಕ್ರ:
ಎಲ್ಲರಿಗೂ ನಮಸ್ಕಾರ. ನನ್ನದು ಎರಡು ಬಾಗಿಲಿನ ರಿಯರ್ ವೀಲ್ ಡ್ರೈವ್ ಕಾರು. ಆರು ಸಿಲಿಂಡರ್, ಮ್ಯಾನ್ಯುಯಲ್ ಗೇರ್, ಹಿಂದೆ ಕ್ಲಚ್ ಪ್ಲೇಟ್ ಇರುವ ಎಲ್‌ಎಸ್‌ಡಿ, ಅಂದರೆ ಒಂದೇ ಚಕ್ರ ಜಾರಿ ಸುತ್ತದಂತೆ ತಡೆಯುವ ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎರಡೂ ಹಿಂಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ, ಚಿಕ್ಕದಾಗಿ ಡಿಫ್). ಒಂದೂವರೆ ತಿಂಗಳಿಂದ ಹಿಂದಿನ ಸೀಟಿನ ಕೆಳಗೆ ಒಂದು ಸದ್ದು. 70 ಕಿ.ಮೀ. ವೇಗದಲ್ಲಿ ಸಣ್ಣಗೆ ಶುರುವಾಗಿ 90ಕ್ಕೆ ಕಾರೆಲ್ಲಾ ತುಂಬಿಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದರೆ ಕಡಿಮೆ, ಕಾಲು ತೆಗೆದ ಕೂಡಲೇ ಜಾಸ್ತಿ.

ಮೊದಲು ಟೈರ್ ಮೇಲೆ ಅನುಮಾನ ಬಂತು. ಬೇರೆ ಸೆಟ್ ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ. ನಾಲ್ಕನೇ ಗೇರಲ್ಲೂ ಐದನೇ ಗೇರಲ್ಲೂ 90ರಲ್ಲಿ ಅದೇ ಸ್ವರ. ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಟ್ಟರೂ ಹೋಗುವುದಿಲ್ಲ. ಅಂದರೆ ಎಂಜಿನ್ ಅಲ್ಲ. ತೋರಿಸಿದ ಕಡೆಯೆಲ್ಲ ಇಡೀ ಡಿಫ್ ಬದಲಿಸಿ ಅನ್ನುತ್ತಿದ್ದಾರೆ. ಹನ್ನೊಂದು ವರ್ಷದಿಂದ ಈ ಕಾರನ್ನು ಕೈಯಾರೆ ನೋಡಿಕೊಂಡು ಬಂದಿದ್ದೇನೆ, ಕಾರಣ ತಿಳಿಯದೆ ಕಿತ್ತು ಹಾಕಲು ಮನಸ್ಸು ಒಪ್ಪುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಸ್ಪ್ಯಾನರ್ 17:
ಡಿಫ್ ಬಿಚ್ಚುವ ಮೊದಲು ವೀಲ್ ಬೇರಿಂಗ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಖಾಲಿ ರಸ್ತೆಯಲ್ಲಿ ಸದ್ದು ಬರುವ ವೇಗದಲ್ಲೇ ನಿಧಾನಕ್ಕೆ ಎಡಕ್ಕೆ, ಬಲಕ್ಕೆ ವಾಲಿಸಿ. ಎಡಕ್ಕೆ ತಿರುಗಿಸಿದರೆ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಬಲಗಡೆ ಬೇರಿಂಗ್ ನೋಡಿ. ಅದರ ಸದ್ದು ಗರಗರ ಅಂತ ದಪ್ಪ. ಪಿನಿಯನ್, ಅಂದರೆ ಡಿಫ್ ಒಳಗೆ ಶಕ್ತಿ ತರುವ ಸಣ್ಣ ಗೇರ್, ಕಾರಿನ ಚಕ್ರಕ್ಕಿಂತ ಮೂರು ನಾಲ್ಕು ಪಟ್ಟು ಜೋರಾಗಿ ತಿರುಗುವುದರಿಂದ ಅದರ ಸದ್ದು ಸಣ್ಣ ಸ್ವರದ್ದು.

ಕಾರು ನಿಲ್ಲಿಸುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕಟಕಟ ಅನ್ನುತ್ತದಾ? ಹಾಗಿದ್ದರೆ ಎಲ್‌ಎಸ್‌ಡಿ ಪ್ಲೇಟ್‌ಗಳು. ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟ್‌ಗಳು ನಯವಾಗಿ ಜಾರುವಂತೆ ಮಾಡುವ ದ್ರವ) ಇರುವ ಎಣ್ಣೆ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಆದರೆ ನೀವು ಹೇಳುತ್ತಿರುವ ಸದ್ದು ಅದಲ್ಲ.

ಎಣ್ಣೆ ಇಳಿಸಿ ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್ ನೋಡಿ. ಒಂದು ಮಾತು: ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಎಣ್ಣೆಯೆಲ್ಲ ಇಳಿದ ಮೇಲೆ ಫಿಲ್ಲರ್ ಬರಲಿಲ್ಲ ಅಂದರೆ ಕಾರು ಅಲ್ಲೇ ನಿಂತಿತು.

ಹಿಂಚಕ್ರ:
ಎಡಕ್ಕೆ ಬಲಕ್ಕೆ ವಾಲಿಸಿದೆ, ಸದ್ದಿನಲ್ಲಿ ಏನೂ ವ್ಯತ್ಯಾಸ ಇಲ್ಲ. ಕಟಕಟ ಕೂಡ ಇಲ್ಲ. ಎಣ್ಣೆ ಇಳಿಸಿದೆ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇರುತ್ತದೆ, ಅದು ಮಾಮೂಲಿ. ಆದರೆ ಅದರೊಳಗೆ ಅಕ್ಕಿ ನುಚ್ಚಿನಷ್ಟು ದೊಡ್ಡ ಹೊಳೆಯುವ ಚೂರುಗಳಿದ್ದವು. ಬೆರಳಲ್ಲಿ ಉಜ್ಜಿದರೆ ಚುಚ್ಚುತ್ತವೆ. ನೋಡಿ ಹೊಟ್ಟೆ ಕಿವುಚಿದಂತಾಯಿತು.

ಇನ್ನೊಂದು ವಿಷಯ ಈಗ ನೆನಪಾಯಿತು. ಐದು ತಿಂಗಳ ಹಿಂದೆ ಪಿನಿಯನ್ ಸೀಲ್ ಸೋರುತ್ತಿತ್ತು ಅಂತ ಒಂದು ಗ್ಯಾರೇಜಲ್ಲಿ ಬದಲಿಸಿದ್ದೆ. ನಟ್ ಅನ್ನು ಇಂಪ್ಯಾಕ್ಟ್ ಗನ್‌ನಲ್ಲಿ ಬಿಗಿ ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಗೇರ್‌ಎಣ್ಣೆ:
ಇದೆ. ನಿಮ್ಮ ಡಿಫ್‌ನಲ್ಲಿ ಕ್ರಶ್ ಸ್ಲೀವ್ ಇದ್ದರೆ ಅದೇ ಕಾರಣ ಇರಬಹುದು. ಪಿನಿಯನ್‌ನ ಎರಡು ಬೇರಿಂಗ್ ನಡುವೆ ಒಂದು ತೆಳು ಉಕ್ಕಿನ ಕೊಳವೆ ಇರುತ್ತದೆ. ನಟ್ ಬಿಗಿ ಮಾಡಿದಷ್ಟೂ ಅದು ನಜ್ಜುತ್ತದೆ, ಬೇರಿಂಗ್ ಮೇಲಿನ ಪ್ರೀಲೋಡ್, ಅಂದರೆ ಮೊದಲೇ ಕೊಟ್ಟಿರುವ ಒತ್ತಡ, ಏರುತ್ತದೆ. ಒಮ್ಮೆ ಹೆಚ್ಚು ನಜ್ಜಿದರೆ ನಟ್ ಸಡಿಲಿಸಿ ಸರಿ ಮಾಡಲು ಆಗುವುದಿಲ್ಲ, ಹೊಸ ಸ್ಲೀವ್ ಬೇಕು. ಗನ್ ಹಿಡಿದವರಿಗೆ ಪ್ರೀಲೋಡ್ ಎಷ್ಟಾಯಿತು ಅಂತ ಗೊತ್ತಾಗುವುದೇ ಇಲ್ಲ. ಬಿಗಿಯಾದ ಬೇರಿಂಗ್ ಕಾದು ಕಾದು ಸವೆಯುತ್ತದೆ.

ಕಾಲು ತೆಗೆದಾಗ ಜಾಸ್ತಿ ಅಂದಿರಲ್ವಾ? ಆಗ ಪಿನಿಯನ್, ತಾನು ತಿರುಗಿಸುವ ದೊಡ್ಡ ಗೇರ್ ಆದ ಕ್ರೌನ್ ವೀಲ್ ಕಡೆಗೆ ಎಳೆಯಲ್ಪಟ್ಟು, ನಟ್ ಪಕ್ಕದ ಬೇರಿಂಗ್ ಮೇಲೆ ಹೊರೆ ಬೀಳುತ್ತದೆ. ಮೊದಲು ಅದನ್ನೇ ನೋಡಿ. ಹಲ್ಲುಗಳು ಚೆನ್ನಾಗಿದ್ದರೆ ಇಡೀ ಡಿಫ್ ಎಸೆಯುವ ಅಗತ್ಯವಿಲ್ಲ. ಎರಡೂ ಬೇರಿಂಗ್, ಸ್ಲೀವ್, ಸೀಲ್, ನಟ್ ಹೊಸದು ಹಾಕಿ. ಹಳೇ ಶಿಮ್ (ಪಿನಿಯನ್ ಕೂರುವ ಜಾಗ ಹೊಂದಿಸುವ ತೆಳು ಬಿಲ್ಲೆ) ಎತ್ತಿಡಿ, ಅದರ ದಪ್ಪ ಅಳೆದು ಬರೆದಿಟ್ಟುಕೊಳ್ಳಿ. ಪ್ರೀಲೋಡ್ ನೋಡಲು ನಟ್‌ನ ಬಿಗಿತ ಅಳೆದರೆ ಸಾಲದು. ಪಿನಿಯನ್ ಒಂದನ್ನೇ ಕೂರಿಸಿ, ಸೂಜಿ ತೋರಿಸುವ ಟಾರ್ಕ್ ವ್ರೆಂಚ್‌ನಿಂದ ನಿಧಾನವಾಗಿ ತಿರುಗಿಸಿ ಅಳೆಯಬೇಕು. ಹೊಸ ಬೇರಿಂಗ್‌ಗೆ ಸಾಮಾನ್ಯವಾಗಿ 2ರಿಂದ 3 ನ್ಯೂಟನ್ ಮೀಟರ್. ನಿಮ್ಮ ಕಾರಿನ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು.

ಹಿಂಚಕ್ರ:
ಬಿಚ್ಚಿದೆ. ನೀವು ಹೇಳಿದ್ದೇ ನಿಜವಾಯಿತು. ನಟ್ ಪಕ್ಕದ ಬೇರಿಂಗ್‌ನ ರೋಲರ್‌ಗಳು ಕಾದು ಕಂದು, ನೀಲಿ ಬಣ್ಣಕ್ಕೆ ತಿರುಗಿದ್ದವು. ರೋಲರ್ ಉರುಳುವ ಬಳೆ, ಅಂದರೆ ರೇಸ್ ಮೇಲೆ ಸಿಡುಬಿನ ಕಲೆಯಂತೆ ಗುಳಿಗಳು. ಒಳಗಿನ ಬೇರಿಂಗ್ ಇಷ್ಟು ಕೆಟ್ಟಿರಲಿಲ್ಲ, ಆದರೂ ಬದಲಿಸಿದೆ. ಕ್ರೌನ್ ವೀಲ್‌ನ ಒಂದೊಂದು ಹಲ್ಲನ್ನೂ ಟಾರ್ಚ್ ಹಿಡಿದು ನೋಡಿದೆ, ಸ್ವಚ್ಛವಾಗಿದ್ದವು. ಅಷ್ಟು ಹೊತ್ತಿಗೆ ಸರಿಯಾಗಿ ಉಸಿರು ಬಂತು.

ಸ್ಲೀವ್ ನಜ್ಜಿಸುವುದೇ ಕಷ್ಟದ ಕೆಲಸ. ಉದ್ದದ ಪೈಪ್ ಹಾಕಿ ಎಳೆದರೂ ಮೊದಲು ಕದಲಲಿಲ್ಲ. ಆಮೇಲೆ ಒಮ್ಮೆಲೇ ಬಿಟ್ಟುಕೊಟ್ಟಿತು. ಅಲ್ಲಿಂದ ಮುಂದೆ ನಟ್ ಅನ್ನು ಕೂದಲೆಳೆಯಷ್ಟು ತಿರುಗಿಸುವುದು, ಅಳೆಯುವುದು. ಎರಡು ಗಂಟೆ ಹಿಡಿಯಿತು. 2.4 ನ್ಯೂಟನ್ ಮೀಟರ್‌ಗೆ ನಿಲ್ಲಿಸಿದೆ. ಕ್ರೌನ್ ವೀಲ್ ಕೂರಿಸಿ ಬ್ಯಾಕ್‌ಲ್ಯಾಶ್ (ಎರಡು ಗೇರ್‌ಗಳ ಹಲ್ಲುಗಳ ನಡುವಿನ ಸಡಿಲ) ನೋಡಿದರೆ 0.16 ಮಿ.ಮೀ., ಮ್ಯಾನ್ಯುಯಲ್‌ನ ಮಿತಿಯೊಳಗೇ ಇತ್ತು. ಹಲ್ಲಿಗೆ ಹಳದಿ ಮಾರ್ಕಿಂಗ್ ಪೇಸ್ಟ್ ಬಳಿದು ತಿರುಗಿಸಿದೆ. ಗುರುತು ಹಲ್ಲಿನ ಮಧ್ಯಕ್ಕೇ ಬಿತ್ತು, ಹಾಗಾಗಿ ಹಳೇ ಶಿಮ್ ಅನ್ನೇ ಉಳಿಸಿಕೊಂಡೆ.

ನಿನ್ನೆ ಓಡಿಸಿದೆ. 90ರಲ್ಲಿ ಕಾಲು ತೆಗೆದೆ, ಗಾಳಿ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಖುಷಿಗೆ ಮತ್ತೆ ಮತ್ತೆ ಕಾಲು ತೆಗೆದು ನೋಡಿದೆ. 500 ಕಿ.ಮೀ. ಆದ ಮೇಲೆ ಎಣ್ಣೆ ಇಳಿಸಿ ಮ್ಯಾಗ್ನೆಟ್ ನೋಡುತ್ತೇನೆ, ಫೋಟೋ ಇಲ್ಲೇ ಹಾಕುತ್ತೇನೆ.