ಬಚ್ಚಲೊಲೆಯ ಬಿಸಿಯಿಂದ ಕರೆಂಟ್: ಮಾಡಿ ನೋಡಿದವರು ಹೇಳಿ

ಬದಿಯಡ್ಕ: ನಮ್ಮ ಬಚ್ಚಲೊಲೆ ದಿನಾ ಉರಿಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಒಂದು ಎಲ್‌ಇಡಿ, ಒಂದು ಮೊಬೈಲ್. ಪೆಲ್ಟಿಯರ್ (ಒಂದು ಬದಿ ಬಿಸಿ, ಇನ್ನೊಂದು ಬದಿ ತಣ್ಣಗಿದ್ದರೆ ಕರೆಂಟ್ ಕೊಡುವ ಬಿಲ್ಲೆ) ಹಾಕಿದರೆ ಸಾಕಾಗುತ್ತದಾ?

ಪೆರ್ಲ: ನನ್ನದು ಈಗಲೂ ನಡೆಯುತ್ತಿದೆ. ಮೊದಲು ತರಿಸಿದ್ದು 12706 ನಂಬರಿನ ಪೆಲ್ಟಿಯರ್. ಒಂದಕ್ಕೆ 190 ರೂಪಾಯಿ, ನಾಲ್ಕಕ್ಕೆ 760. ಅದು ತಂಪು ಮಾಡಲಿಕ್ಕೆ ಇರುವ ಮಾಡ್ಯೂಲ್. ಒಳಗಿನ ಬೆಸುಗೆ 138 ಡಿಗ್ರಿಗೇ ಕರಗುತ್ತದೆ. ಒಲೆಗೆ ತೆಂಗಿನ ಮಡಲು ತುರುಕಿದ ಹೊತ್ತಿಗೆ ಎರಡು ಹೋದವು. ತಣ್ಣನೆ ಬದಿಯ ಬಿಸಿಯನ್ನು ಗಾಳಿಗೆ ಬಿಡಲಿಕ್ಕೆ ಅಂತ 260 ಕೊಟ್ಟ ಹೀಟ್ ಸಿಂಕ್ ಕೂಡ ದಂಡ. ಬಚ್ಚಲಿನ ಗಾಳಿಯೇ ಬಿಸಿ, ಅದು ತಣಿಯುವುದು ಹೇಗೆ? ಎರಡೂ ಬದಿ ಬಿಸಿಯಾದರೆ ವೋಲ್ಟೇಜ್ ಸೊನ್ನೆ. ಆಮೇಲೆ ಕರೆಂಟ್ ಮಾಡಲಿಕ್ಕೇ ಇರುವ ಎಸ್‌ಪಿ1848 ಮಾಡ್ಯೂಲ್ ನಾಲ್ಕು, ತಲಾ 380. ಒಳಗೆ ನೀರು ಹಾಯಿಸಿ ತಣಿಸುವ ನಾಲ್ಕು ವಾಟರ್ ಬ್ಲಾಕ್, ತಲಾ 230. ಬಿಸಿ ದಾಟಿಸುವ ಪೇಸ್ಟ್ 140, ವೋಲ್ಟೇಜ್ ಏರಿಸುವ ಬೂಸ್ಟ್ ಬೋರ್ಡ್ 70. ನೀರಿಗಾಗಿ ಗುಡ್ಡ ಕೊರೆದ ನಮ್ಮ ಸುರಂಗದ ನೀರು ತಾನಾಗಿ ಇಳಿದು ಬರುತ್ತದೆ. ಅದನ್ನೇ ಬ್ಲಾಕಿನೊಳಗೆ ಹಾಯಿಸಿದೆ. ಪಂಪ್ ಬೇಡ.

ಹೊಸೂರು: ಕೂಡಿಸಿದರೆ 3,670 ಆಯಿತು. ಎಷ್ಟು ವ್ಯಾಟ್ ಬರುತ್ತದೆ ಅಂತ ಯಾಕೆ ಹೇಳುವುದಿಲ್ಲ? ನನ್ನ ತಮ್ಮನಿಗೆ ಇದೇ ಎಸ್‌ಪಿ1848 ಮಾರಿದವನು ಒಂದೊಂದಕ್ಕೂ ಎರಡು ಬದಿಗಳ ನಡುವೆ 100 ಡಿಗ್ರಿ ವ್ಯತ್ಯಾಸಕ್ಕೆ 4.8 ವೋಲ್ಟ್, 669 ಮಿಲಿಆಂಪ್ ಅಂದ. ಗುಣಿಸಿದರೆ 3.2 ವ್ಯಾಟ್ ಅಲ್ವಾ? ಸಿಗುವುದಿಲ್ಲ. ಆ ವೋಲ್ಟೇಜ್ ಲೋಡ್ ಇಲ್ಲದಾಗಿನದು, ಆ ಆಂಪ್ ಶಾರ್ಟ್ ಮಾಡಿದಾಗಿನದು. ಕೈಗೆ ಬರುವುದು ಹೆಚ್ಚೆಂದರೆ ಕಾಲು ಭಾಗ, 0.8 ವ್ಯಾಟ್. ಮೊಬೈಲಿನ ಚಿಕ್ಕ ಚಾರ್ಜರೇ 5 ವ್ಯಾಟ್. ತಮ್ಮ ಹಾಕಿದ ದುಡ್ಡು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಪೆರ್ಲ: ನನಗೆ ಸಿಗುವ ವ್ಯತ್ಯಾಸ 60 ಡಿಗ್ರಿ ಆಸುಪಾಸು. ನಾಲ್ಕನ್ನೂ ಸೀರೀಸ್‌ನಲ್ಲಿ ಜೋಡಿಸಿ ಒಂದು ವ್ಯಾಟ್ ತೆಗೆಯುತ್ತೇನೆ. ಎಲ್‌ಇಡಿ ಚೆನ್ನಾಗಿ ಉರಿಯುತ್ತದೆ. ಮೊಬೈಲಿಗೆ ನೇರ ಕೊಡುವುದಿಲ್ಲ, ಪವರ್ ಬ್ಯಾಂಕಿಗೆ ನಿಧಾನ ತುಂಬಿಸುತ್ತೇನೆ. ನಿಮ್ಮ ತಮ್ಮ ತಣ್ಣನೆ ಬದಿಗೆ ಏನು ಇಟ್ಟಿದ್ದ, ಅದನ್ನು ಹೇಳಿ.

ಜತ್: ಒಂದು ಬಲ್ಬಿಗೆ ನೀರು ಹರಿಯಬಿಡುತ್ತೀರಾ ಸರ? ನಮ್ಮಲ್ಲಿ ಬೇಸಿಗೆ ಬಂದರೆ ಕುಡಿಯಲು ಟ್ಯಾಂಕರ್ ಕಾಯಬೇಕು. ನಾನು 20 ವ್ಯಾಟ್ ಸೋಲಾರ್ ಪ್ಯಾನೆಲ್ ಹಾಕಿದೆ. ಪ್ಯಾನೆಲ್ 1,250, ಬ್ಯಾಟರಿ 980, ಕಂಟ್ರೋಲರ್ 300. ಎರಡು ಮೊಬೈಲ್, ಮೂರು ಬಲ್ಬ್ ನಡೆಯುತ್ತವೆ.

ಮುಳ್ಳೇರಿಯ: ಜತ್ತಿನ ಬಿಸಿಲು ನೋಡಿ ಇಲ್ಲಿಗೆ ಲೆಕ್ಕ ಹಾಕಬೇಡಿ. ಆಟಿಯಲ್ಲಿ, ಮಳೆ ಜೋರಿರುವ ತಿಂಗಳಲ್ಲಿ, ಒಮ್ಮೆ ಬನ್ನಿ. ಅಡಿಕೆ ತೋಟದ ನಡುವಿನ ಮನೆ, ಮೇಲೆ ಮೋಡ. ನಾನೂ ಪ್ಯಾನೆಲ್ ಹಾಕಿದ್ದೆ. ಬೇಕಾದ ಹೊತ್ತಿಗೇ ಬ್ಯಾಟರಿ ಖಾಲಿ, ಅದರ ಮೇಲೆ ಪಾಚಿ ತಿಕ್ಕುವ ಕೆಲಸ ಬೇರೆ.

ಜತ್: ಬಿಸಿಲಿನ ಮಾತು ಬಿಡಿ. ನೀರಿನ ಪ್ರಶ್ನೆಗೆ ಉತ್ತರ ಕೊಡಿ.

ಪೆರ್ಲ: ಒಂದು ತೊಟ್ಟೂ ಪೋಲಾಗುವುದಿಲ್ಲ. ಬ್ಲಾಕ್ ದಾಟಿದ ನೀರು ನೇರ ತೋಟದ ಕೆರೆಗೆ ಹೋಗುತ್ತದೆ. ಅದು ಮೊದಲೂ ಅಲ್ಲಿಗೇ ಹೋಗುತ್ತಿತ್ತು. ನಮ್ಮ ಅಜ್ಜಂದಿರು ಗುಡ್ಡ ಕೊರೆದು ತಂದ ನೀರದು. ಅದನ್ನು ಹಾಳು ಮಾಡುತ್ತೇನೆ ಅನ್ನಬೇಡಿ.

ಹೊಸೂರು: ಸುರಂಗ ಇಲ್ಲದವರು ಏನು ಮಾಡಬೇಕು? ಪಂಪ್ ಇಟ್ಟರೆ ಆ ಒಂದು ವ್ಯಾಟನ್ನು ಪಂಪೇ ತಿನ್ನುತ್ತದೆ.

ಪೆರ್ಲ: ಅದು ನಿಜ. ಬದಿಯಡ್ಕದವರೇ, ನಿಮ್ಮಲ್ಲಿ ಸುರಂಗ ಉಂಟಾ? ನೀರು ಬೀಳುವ ಜಾಗ ಒಲೆಗಿಂತ ಎಷ್ಟು ಎತ್ತರ ಅಂತ ನೋಡಿ ಹೇಳಿ. ಅಲ್ಲಿಯವರೆಗೆ ಮಾಡ್ಯೂಲ್ ತರಿಸಬೇಡಿ.